ಚೆಂಡೆಸೆತದ ರೂಢಿಯನ್ನು ತಿದ್ದಬಹುದೇ?

ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲೂಕಿನ ಶಾಲೆಗಳಿಗೆ ಅಭ್ಯಾಸ ಬೋಧನೆಗೆ ಹೋಗುವ ಪ್ರಶಿಕ್ಷಣಾರ್ಥಿಗಳು ಆಟದ ಅವಧಿಯಲ್ಲಿ ಈ ಪ್ರಶ್ನೆಯನ್ನು ಎದುರಿಸಬಹುದು. ಬ್ಯಾಸ್ಕೆಟ್‌ಬಾಲ್ ಚೆಂಡನ್ನು ಎದೆಯಿಂದ ಎರಡೂ ಕೈಯಲ್ಲಿ ತಳ್ಳಿ ರೂಢಿಯಾದವರನ್ನು ತಿದ್ದಲು ಸಾಧ್ಯವೇ?

ಸಾಧ್ಯ. ಆದರೆ ಹಳೆಯ ರೂಢಿ ಪೂರ್ತಿ ಅಳಿಯುವುದಿಲ್ಲ. ದಣಿದಾಗ, ಪಂದ್ಯದ ಒತ್ತಡದಲ್ಲಿ ಮರಳಿ ಬರುತ್ತದೆ.

ಮೊದಲು ಕಾರಣ ಹುಡುಕಬೇಕು. ರಿಂಗಿನ ಎತ್ತರ 3.05 ಮೀಟರ್. ತೋಳಿನಲ್ಲಿ ಬಲ ಸಾಲದ ಮಗು ಹೇಗಾದರೂ ಅಲ್ಲಿಗೆ ಮುಟ್ಟಿಸಲು ಹೋಗಿ ತಪ್ಪು ಭಂಗಿ ಕಲಿಯುತ್ತದೆ. ಆದ್ದರಿಂದ ಹಗುರ ಚೆಂಡು ಕೊಟ್ಟು, ಗೋಡೆಯ ಮೇಲೆ ತಗ್ಗಿನಲ್ಲಿ ಗುರುತು ಹಾಕಿ, ಹತ್ತಿರದಿಂದ ಎಸೆಯಿಸಿರಿ. ಒಂದು ಸಲಕ್ಕೆ ಒಂದೇ ಅಂಶ ತಿದ್ದಿರಿ. ಆರಂಭದಲ್ಲಿ ಗುರಿ ಇನ್ನಷ್ಟು ತಪ್ಪಬಹುದೆಂದು ಮೊದಲೇ ಹೇಳಿರಿ.

ಇಷ್ಟಾದರೂ ಆಟಗಾರನ ಮನಸ್ಸು ಒಪ್ಪಬೇಕು. ಅಮೆರಿಕದ ವಿಲ್ಟ್ ಚೇಂಬರ್ಲೇನ್ 1961–62ರಲ್ಲಿ ಫ್ರೀ ಥ್ರೋಗಳನ್ನು ಎರಡೂ ಕೈಯಿಂದ, ಕೆಳಗಿನಿಂದ ಎಸೆದರು. ಹಿಂದಿನ ವರ್ಷ ಶೇ. 50ರಷ್ಟಿದ್ದ ಯಶಸ್ಸು ಶೇ. 61ಕ್ಕೇರಿತು. 100 ಅಂಕ ಗಳಿಸಿದ ಪಂದ್ಯದಲ್ಲಿ 32ರಲ್ಲಿ 28 ಎಸೆತ ಸಫಲವಾದವು. ಆದರೂ ಮುಜುಗರದಿಂದ ಆ ಕ್ರಮ ಬಿಟ್ಟರು. 1967–68ರಲ್ಲಿ ಯಶಸ್ಸು ಶೇ. 38ಕ್ಕಿಳಿಯಿತು. ಆ ಎಸೆತ ಹೆಣ್ಣಿಗತನವೆಂದು ತನಗನ್ನಿಸಿತ್ತೆಂದು ಅವರೇ ಮುಂದೆ ಬರೆದುಕೊಂಡರು.

ಅಂಥ ಆಟಗಾರನನ್ನೇ ನಾಚಿಕೆ ಹಿಂದಕ್ಕೆಳೆಯಿತು ಎಂದ ಮೇಲೆ ಎಂಟನೇ ತರಗತಿಯ ಮಗುವಿನ ಪಾಡೇನು? ಎಲ್ಲರೆದುರು ಅದರ ತಪ್ಪು ಭಂಗಿಯನ್ನು ಅಣಕಿಸಿ ತೋರಿಸಬೇಡಿರಿ. ಪಾಠಯೋಜನೆಯ ಮೌಲ್ಯಮಾಪನದಲ್ಲಿ ಎಷ್ಟು ಬಾಸ್ಕೆಟ್ ಬಿದ್ದವು ಎಂಬುದಕ್ಕಿಂತ ಮೊದಲು ಎಷ್ಟು ಎಸೆತಗಳಲ್ಲಿ ಭಂಗಿ ಸರಿಯಿತ್ತು ಎಂದು ಬರೆಯಿರಿ.