ಮಗುವಿನ ಮೊದಲ ಅಗಲಿಕೆ

ಮೂರು ವರ್ಷದ ಮಗುವನ್ನು ಮೊದಲ ಸಲ ಶಾಲೆಯಲ್ಲಿ ಬಿಟ್ಟುಬರುವ ತಾಯಿಗೆ ನಮ್ಮಲ್ಲಿ ಎಲ್ಲರೂ ಕೊಡುವ ಬುದ್ಧಿವಾದ ಒಂದೇ: “ಅದು ಆಟದಲ್ಲಿ ಮೈಮರೆತಿರುವಾಗ ಮೆಲ್ಲನೆ ಜಾರಿಕೊಂಡುಬಿಡಿ.” ಅಜ್ಜಿಯೂ ಹೀಗೆಯೇ ಹೇಳುವಳು, ನೆರೆಮನೆಯವರೂ ಹೀಗೆಯೇ ಹೇಳುವರು, ಕೆಲವರು ಉಪಾಧ್ಯಾಯಿನಿಯರ ಅಭಿಪ್ರಾಯವೂ ಇದೇ. ಈ ಬುದ್ಧಿವಾದವು ಸರಿಯಲ್ಲವೆಂಬುದನ್ನು ಶ್ರೋತೃಗಳ ಮುಂದಿಡುವುದೇ ಈ ಭಾಷಣದ ಉದ್ದೇಶ.

ಇದು ಮೈಸೂರು ಬೆಂಗಳೂರುಗಳ ಶಿಶುವಿಹಾರಗಳಿಗೆ ಮಾತ್ರ ಸೇರಿದ ಸಮಸ್ಯೆಯೆಂದು ಯಾರೂ ಭಾವಿಸಬಾರದು. 1975ನೆಯ ಇಸವಿ ಅಕ್ಟೋಬರ್ 2ರಂದು ಸಮಗ್ರ ಶಿಶು ಅಭಿವೃದ್ಧಿ ಯೋಜನೆಯು ದೇಶದ 33 ಕಡೆಗಳಲ್ಲಿ ಪ್ರಾರಂಭವಾದಾಗ, ನಮ್ಮ ನಾಡಿನಲ್ಲಿ ಅದಕ್ಕಾಗಿ ಆರಿಸಿದ ಸ್ಥಳ ತಿರುಮಕೂಡಲು ನರಸೀಪುರ. ಅಲ್ಲಿಂದ ಮುಂದೆ ಅಂಗನವಾಡಿಗಳು ಹಳ್ಳಿಹಳ್ಳಿಗೂ ಹರಡಿದುವು. ಇಂದು ಚಾಮರಾಜನಗರ ತಾಲ್ಲೂಕಿನ ಚಂದಕವಾಡಿಯಂತಹ ಹೋಬಳಿಯಲ್ಲಿಯೂ, ಮೂರು ತುಂಬಿದ ಮಗು ಅಂಗನವಾಡಿಯ ಹೊಸ್ತಿಲಿನಲ್ಲಿ ಅವ್ವನ ಸೆರಗನ್ನು ಬಿಗಿಹಿಡಿದು ನಿಲ್ಲುವುದುಂಟು. ಪಟ್ಟಣದ ತಾಯಿಗೆ ತಡವಾದರೆ ಕಚೇರಿಯಲ್ಲಿ ಒಂದು ಮಾತು ಕೇಳಬೇಕಾದೀತು. ಅರಿಸಿನದ ಹೊಲಕ್ಕೆ ಕಳೆ ಕೀಳಲು ಹೋಗುವ ಅವ್ವನಿಗೆ ತಡವಾದರೆ ಆ ದಿನದ ಕೂಲಿಯೇ ಹೋದೀತು. ಆಕೆ ಕಣ್ತಪ್ಪಿಸಿ ಹೊರಟರೆ ಆಕೆಯನ್ನು ದೂರುವುದು ನಮ್ಮಿಂದಾಗದು.

ಅಗಲಿಕೆಯ ಅಂಜಿಕೆಯು ಮೊಂಡುತನವಲ್ಲ, ಮುದ್ದು ಹೆಚ್ಚಾದುದರ ಫಲವೂ ಅಲ್ಲ. ಎಂಟು ತಿಂಗಳ ಸುಮಾರಿನಲ್ಲಿ ಕೂಸಿಗೆ ತನ್ನವರಾರು, ಹೊರಗಿನವರಾರು ಎಂಬುದು ಚೆನ್ನಾಗಿ ತಿಳಿಯತೊಡಗುತ್ತದೆ. ಅಂದಿನಿಂದಲೇ ಈ ಅಂಜಿಕೆಗೂ ಆರಂಭ. ಎರಡನೆಯ ವರ್ಷದಲ್ಲಿ ಅದು ಬಲವಾಗಿದ್ದು, ಮೂರು ತುಂಬುವ ಹೊತ್ತಿಗೆ ಸಾಮಾನ್ಯವಾಗಿ ಇಳಿಯುತ್ತದೆ. ಹೊಸ ಸ್ಥಳ, ಹೊಸ ಮುಖಗಳು ಎದುರಾದರೆ ಮತ್ತೆ ತಲೆಯೆತ್ತುತ್ತದೆ. ಇಂಗ್ಲೆಂಡಿನ ವೈದ್ಯ ಜಾನ್ ಬೌಲ್ಬಿಯವರು 1951ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಗಾಗಿ ಬರೆದ ವರದಿಯಿಂದೀಚೆಗೆ, ಎಳೆಯ ಮಗುವಿಗೆ ತಾಯಿಯ ನಂಟು ಅನ್ನದಷ್ಟೇ ಅವಶ್ಯಕವೆಂಬುದನ್ನು ವಿದ್ವಾಂಸರು ಗಂಭೀರವಾಗಿ ಪರಿಗಣಿಸಿದ್ದಾರೆ.

ಈಗ ಜಾರಿಕೊಳ್ಳುವ ಉಪಾಯವನ್ನು ಮಗುವಿನ ಕಡೆಯಿಂದ ನೋಡೋಣ. ಅದು ಮರದ ತುಂಡುಗಳನ್ನು ಜೋಡಿಸುತ್ತಿತ್ತು, ತಲೆಯೆತ್ತಿದರೆ ಅವ್ವನಿಲ್ಲ. ಅದು ಕಲಿತ ಪಾಠವೇನು? ತಾನು ಆಟದಲ್ಲಿ ಮನಸ್ಸಿಟ್ಟರೆ ಅವ್ವ ಮಾಯವಾಗುವಳು ಎಂಬುದೇ. ಆದುದರಿಂದ ಮರುದಿನ ಅದು ಆಟಿಕೆಯನ್ನು ಮುಟ್ಟದು, ಮನೆಯಲ್ಲಿಯೂ ತಾಯಿಯ ಬೆನ್ನು ಬಿಡದು. ಒಂದು ದಿನದ ಅಳುವನ್ನು ತಪ್ಪಿಸಲು ಹೋಗಿ ನಾವು ಹಲವು ದಿನಗಳ ಅಳುವನ್ನು ಕೊಂಡಂತಾಯಿತು.

ಕನ್ನಡದಲ್ಲಿ ಮನೆಯಿಂದ ಹೊರಡುವವರು ‘ಹೋಗುತ್ತೇನೆ’ ಎನ್ನಬಾರದು, ‘ಹೋಗಿ ಬರುತ್ತೇನೆ’ ಎನ್ನಬೇಕು ಎಂದು ಹಿರಿಯರು ತಿದ್ದುತ್ತಿದ್ದರು. ಮಗುವಿಗೆ ಬೇಕಾದುದು ಈ ಮಾತೇ. ಆದರೆ ‘ನಾಲ್ಕು ಗಂಟೆಗೆ ಬರುತ್ತೇನೆ’ ಎಂದರೆ ಅದಕ್ಕೆ ತಿಳಿಯದು. ಮಗುವಿನ ಕಾಲವು ಗಡಿಯಾರದಲ್ಲಿಲ್ಲ, ದಿನಚರಿಯಲ್ಲಿದೆ. ‘ನೀನು ಊಟ ಮಾಡಿ, ಮಲಗಿ ಎದ್ದಮೇಲೆ ಬರುತ್ತೇನೆ’ ಎಂದು ಹೇಳಿ, ಆ ಹೊತ್ತಿಗೆ ಸರಿಯಾಗಿ ಬರಬೇಕು. ಮಗುವನ್ನು ಉಪಾಧ್ಯಾಯಿನಿಯ ಕೈಗೊಪ್ಪಿಸಿ ಹೊರಟಮೇಲೆ, ಅಳು ಕೇಳಿ ಮೂರು ಸಲ ಹಿಂದಿರುಗುವುದೂ ಬೇಡ.

ಮೊದಲ ಕೆಲವು ದಿನ ಸ್ವಲ್ಪ ಹೊತ್ತು ಮಾತ್ರ ಬಿಟ್ಟು, ಯಾರಾದರೂ ಜೊತೆಗಿರುವುದು ಒಳ್ಳೆಯದು. ಅವ್ವನಿಗೆ ಬಿಡುವಿಲ್ಲದಿದ್ದರೆ ಅಜ್ಜಿ ಕುಳಿತರೂ ಸಾಕು. ತಾಯಿಯ ಹಳೆಯ ಸೀರೆಯ ಒಂದು ತುಂಡು ಮಗುವಿನ ಕೈಯಲ್ಲಿದ್ದರೆ ನಗಬೇಕಾಗಿಲ್ಲ. ಮನೆಯಲ್ಲಿ ಕಣ್ಣಾಮುಚ್ಚಾಲೆ ಆಡಿಸಬೇಕು: ಮರೆಯಾದವರು ಮತ್ತೆ ಸಿಕ್ಕುವರೆಂಬ ನಂಬಿಕೆ ಆ ಆಟದಲ್ಲಿ ಬೆಳೆಯುತ್ತದೆ. ‘ಟೀಚರಿಗೆ ಹೇಳಿ ಹೊಡೆಸುತ್ತೇನೆ’ ಎಂದು ವರ್ಷವಿಡೀ ಗುಮ್ಮನ ಸ್ಥಾನದಲ್ಲಿ ಕೂರಿಸಿದ ಉಪಾಧ್ಯಾಯಿನಿಯ ಮಡಿಲಿಗೆ ಮಗು ನಗುತ್ತ ಹೋಗಲೆಂದು ಬಯಸುವ ತಂದೆತಾಯಿಗಳ ವಿಷಯದಲ್ಲಿ ನಾವು ಏನು ಹೇಳೋಣ!

ಸದ್ದಿಲ್ಲದ ಮಗುವಿನ ಕಡೆಗೂ ಗಮನವಿರಲಿ. 1952ರಲ್ಲಿ ಜೇಮ್ಸ್ ರಾಬರ್ಟ್‌ಸನ್ನರು, ಆಸ್ಪತ್ರೆಯಲ್ಲಿ ತಾಯಿಯಿಲ್ಲದೆ ಎಂಟು ದಿನ ಕಳೆದ ಎರಡು ವರ್ಷದ ಹುಡುಗಿಯೊಬ್ಬಳ ಚಲನಚಿತ್ರವನ್ನು ವೈದ್ಯರಿಗೆ ತೋರಿಸಿದರು. ಅವಳು ಹೆಚ್ಚು ಅತ್ತವಳಲ್ಲ. ಆದರೆ ಆ ಮೌನ ನೆಮ್ಮದಿಯದಾಗಿರಲಿಲ್ಲ. ಅಂಗನವಾಡಿಯ ಮೂಲೆಯಲ್ಲಿ ಆಡದೆ, ಉಣ್ಣದೆ ಸುಮ್ಮನೆ ಕುಳಿತ ಮಗುವನ್ನು ‘ಒಗ್ಗಿಕೊಂಡಿತು’ ಎಂದು ಬರೆದುಕೊಳ್ಳಬಾರದು. ಅಂಜಿಕೆಯು ನಾಲ್ಕು ವಾರ ಮೀರಿಯೂ ಇಳಿಯದೆ, ನಿದ್ರೆ ಆಹಾರಗಳು ಕೆಟ್ಟರೆ, ಮಕ್ಕಳ ವೈದ್ಯರನ್ನು ಕಾಣಬೇಕು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಮಕ್ಕಳ ಮನಸ್ಸಿಗೆಂದೇ ಪ್ರತ್ಯೇಕ ವಿಭಾಗವಿದೆ.

ಇನ್ನೊಂದು ಸಂಗತಿಯುಂಟು. ದಿನವೆಲ್ಲ ಚೆನ್ನಾಗಿ ಆಡಿಕೊಂಡಿದ್ದ ಮಗು, ಸಂಜೆ ಅವ್ವನ ಮುಖ ಕಂಡೊಡನೆ ಗೊಳೋ ಎಂದು ಅಳುವುದು. ಉಪಾಧ್ಯಾಯಿನಿಗೆ ಬೆರಗು, ತಾಯಿಗೆ ಶಂಕೆ. ‘ಯಾರು ಹೊಡೆದರು?’ ಎಂದು ಅಲ್ಲಿಯೇ ವಿಚಾರಣೆಗೆ ತೊಡಗುವುದು ಬೇಡ. ಬೆಳಗಿನಿಂದ ಹಿಡಿದಿಟ್ಟುಕೊಂಡಿದ್ದುದನ್ನು ಇಳಿಸಲು ತಕ್ಕವರು ಈಗ ಬಂದರಷ್ಟೆ. ಎತ್ತಿಕೊಂಡು ಮನೆಯ ದಾರಿ ಹಿಡಿದರೆ, ಅರ್ಧ ದಾರಿಯಲ್ಲಿಯೇ ಅದು ತಾನಾಗಿ ಊಟದ ಸುದ್ದಿ ಹೇಳತೊಡಗೀತು.