ಹಸಿರು ಕಚೇರಿಯ ಪ್ರಮಾಣಪತ್ರ: ಯಾರಿಗೆ, ಏತಕ್ಕೆ, ಯಾವ ಭಾಷೆಯಲ್ಲಿ?

ಕಾಸರಗೋಡು ಜಿಲ್ಲೆಯ ಗ್ರಾಮ ಪಂಚಾಯತಿಗೋ ಕೃಷಿ ಭವನಕ್ಕೋ ಹೋದವರು ಗೋಡೆಯಲ್ಲಿ ತೂಗುಹಾಕಿದ ‘ಹರಿತ ಕಚೇರಿ’ ಪ್ರಮಾಣಪತ್ರವನ್ನು ಕಂಡಿರಬಹುದು. ತ್ಯಾಜ್ಯವನ್ನು ಕಡಿಮೆ ಮಾಡಿ, ಉಳಿದುದನ್ನು ಬೇರ್ಪಡಿಸಿ, ಸರಿಯಾದ ದಾರಿಯಲ್ಲಿ ಸಾಗಿಸುವ ಕಚೇರಿಗೆ ಸಲ್ಲುವ ಮನ್ನಣೆ ಅದು. ಅದರ ಹಿಂದಿನ ಪರೀಕ್ಷೆ ಎಂತಹದು, ಅದರಲ್ಲಿ ನಮ್ಮ ಶಾಲೆಗಳ ಮತ್ತು ಭಾಷೆಯ ಪಾಲೇನು ಎಂಬುದನ್ನು ಪೋಷಕರು ತಿಳಿದಿರುವುದು ಒಳಿತು.

2015ರಲ್ಲಿ ಕೇರಳದಲ್ಲಿ ನಡೆದ ರಾಷ್ಟ್ರೀಯ ಕ್ರೀಡಾಕೂಟದ ವೇಳೆ ಶುಚಿತ್ವ ಮಿಷನ್ ‘ಹಸಿರು ನಿಯಮಾವಳಿ’ಯನ್ನು ಜಾರಿಗೆ ತಂದಿತು. ಒಮ್ಮೆ ಬಳಸಿ ಎಸೆಯುವ ವಸ್ತುಗಳನ್ನು ದೂರವಿಟ್ಟು, ತೊಳೆದು ಮತ್ತೆ ಬಳಸುವ ತಟ್ಟೆ ಲೋಟಗಳನ್ನು ಉಪಯೋಗಿಸುವುದೇ ಅದರ ಸಾರ. 2016ರ ಡಿಸೆಂಬರಿನಲ್ಲಿ ಹರಿತ ಕೇರಳ ಮಿಷನ್ ಆರಂಭವಾದ ಬಳಿಕ ಈ ನಿಯಮಾವಳಿಯು ಸರಕಾರಿ ಕಚೇರಿಗಳಿಗೂ ವಿಸ್ತರಿಸಿತು. ಕಚೇರಿಗಳನ್ನು ಪರಿಶೀಲಿಸಿ, ಅಂಕ ನೀಡಿ, ಎ, ಬಿ, ಸಿ ಎಂದು ಶ್ರೇಣೀಕರಿಸುವ ಪದ್ಧತಿ ಬಂದಿತು. 2021ರ ಗಣರಾಜ್ಯೋತ್ಸವದಂದು ರಾಜ್ಯದ ಹತ್ತು ಸಾವಿರಕ್ಕೂ ಹೆಚ್ಚು ಕಚೇರಿಗಳನ್ನು ಹರಿತ ಕಚೇರಿಗಳೆಂದು ಘೋಷಿಸಲಾಯಿತು. 2024ರ ಅಕ್ಟೋಬರ್ 2ರಿಂದ 2025ರ ಮಾರ್ಚ್ 30ರ ವರೆಗೆ ನಡೆದ ‘ಮಾಲಿನ್ಯ ಮುಕ್ತ ನವಕೇರಳ’ ಅಭಿಯಾನದಲ್ಲಿ ಶಾಲೆಗಳು, ಪೇಟೆಗಳು ಮತ್ತು ಕುಟುಂಬಶ್ರೀ ನೆರೆಕೂಟಗಳೂ ಈ ಘೋಷಣೆಯ ವ್ಯಾಪ್ತಿಗೆ ಬಂದವು.

ಇದು ಕೇರಳಕ್ಕಷ್ಟೇ ಸೀಮಿತವಾದ ಮಾತಲ್ಲ. ತಾಳವಾಡಿ, ಹೊಸೂರು, ನೀಲಗಿರಿಯ ಕನ್ನಡಿಗರು ‘ಮಂಜಪ್ಪೈ’ ಎಂಬ ಹಳದಿ ಬಟ್ಟೆಚೀಲದ ಹೆಸರನ್ನು ಬಲ್ಲರು. ಪ್ಲಾಸ್ಟಿಕ್‌ ಬಳಕೆಯನ್ನು ಕೈಬಿಟ್ಟ ಶಾಲೆ, ಕಾಲೇಜು ಮತ್ತು ವಾಣಿಜ್ಯ ಸಂಸ್ಥೆಗಳಿಗೆ ತಮಿಳುನಾಡು ಸರಕಾರ ಅದೇ ಹೆಸರಿನಲ್ಲಿ ಪ್ರಶಸ್ತಿ ನೀಡುತ್ತದೆ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತದ ಕಡೆಯವರಿಗೆ ಮಹಾರಾಷ್ಟ್ರದ ‘ಮಾಝೀ ವಸುಂಧರಾ’ ಅಭಿಯಾನ ಪರಿಚಿತ. ಅದು 2020ರಿಂದ ಸ್ಥಳೀಯ ಸಂಸ್ಥೆಗಳ ಪರಿಸರ ಕಾರ್ಯವನ್ನು ಅಳೆದು ಪುರಸ್ಕರಿಸುತ್ತಿದೆ.

ಇಂತಹ ಮನ್ನಣೆಯಲ್ಲಿ ಮೊದಲು ಗಮನಿಸಬೇಕಾದ ತತ್ತ್ವವೊಂದಿದೆ. ಮರುಬಳಕೆಗೆ ಹೆಚ್ಚು ಕಸ ಕಳುಹಿಸಿದ ಕಚೇರಿ ಶ್ರೇಷ್ಠವಲ್ಲ. ಕಸವನ್ನೇ ಕಡಿಮೆ ಹುಟ್ಟಿಸಿದ ಕಚೇರಿ ಶ್ರೇಷ್ಠ. ಒಂದು ಲೆಕ್ಕ ಹಾಕಿ ನೋಡೋಣ. 25 ಮಂದಿ ನೌಕರರಿರುವ ಕಚೇರಿಯಲ್ಲಿ ದಿನಕ್ಕೆ ಎರಡು ಬಾರಿ ಕಾಗದದ ಲೋಟದಲ್ಲಿ ಚಹಾ ಕೊಟ್ಟರೆ ದಿನಕ್ಕೆ 50 ಲೋಟ. ತಿಂಗಳಿಗೆ 22 ಕೆಲಸದ ದಿನಗಳೆಂದರೆ 1,100; ವರ್ಷಕ್ಕೆ 13,200. ಈ ಲೋಟಗಳು ಹೆಸರಿಗೆ ಕಾಗದವಾದರೂ ಒಳಗೆ ಪ್ಲಾಸ್ಟಿಕ್ಕಿನ ತೆಳು ಲೇಪವಿರುವುದರಿಂದ ಸಾಮಾನ್ಯ ಕಾಗದದಂತೆ ಅವುಗಳನ್ನು ಮರುಬಳಸುವುದು ಸುಲಭವಲ್ಲ. ಅದೇ ಕಚೇರಿ 25 ಸ್ಟೀಲ್ ಲೋಟಗಳನ್ನು ಕೊಂಡರೆ ಅಷ್ಟೂ ಕಸ ಹುಟ್ಟುವ ಮೊದಲೇ ಇಲ್ಲವಾಗುತ್ತದೆ. ಮನೆಯಿಂದ ಬುತ್ತಿ ತರುವುದು, ಹಾಳೆಯ ಎರಡೂ ಬದಿ ಬಳಸುವುದು, ಫ್ಲೆಕ್ಸ್ ಬದಲು ಬಟ್ಟೆಯ ಫಲಕ ಕಟ್ಟುವುದು, ಶಾಯಿ ತುಂಬುವ ಲೇಖನಿ ಹಿಡಿಯುವುದು ಇವೆಲ್ಲ ಈ ದಾರಿಯ ಕ್ರಮಗಳೇ.

ಇಷ್ಟಾದರೂ ಉಳಿಯುವ ಕಸವನ್ನು ಬೇರ್ಪಡಿಸಬೇಕು. ಕೊಳೆಯುವಂತಹದು ಕಾಂಪೋಸ್ಟಿಗೆ, ಕೆಟ್ಟ ಕಂಪ್ಯೂಟರು, ಬಲ್ಬುಗಳು ಪ್ರತ್ಯೇಕ ಸಂಗ್ರಹಕ್ಕೆ, ಒಣ ಪ್ಲಾಸ್ಟಿಕ್ ಹರಿತ ಕರ್ಮ ಸೇನೆಗೆ. ಸೇನೆಯ ಸದಸ್ಯೆಯರು ಅದನ್ನು ಸಂಗ್ರಹ ಕೇಂದ್ರಕ್ಕೆ ಒಯ್ದು ಬಗೆಬಗೆಯಾಗಿ ವಿಂಗಡಿಸುತ್ತಾರೆ. ಮುಂದೆ ಕ್ಲೀನ್ ಕೇರಳ ಕಂಪೆನಿಯಂತಹ ಸಂಸ್ಥೆಗಳ ಮೂಲಕ ಅದರ ಒಂದು ಭಾಗ ಮರುಬಳಕೆಗೂ, ಪುಡಿಮಾಡಿದ ಪ್ಲಾಸ್ಟಿಕ್ಕಿನ ಒಂದು ಭಾಗ ರಸ್ತೆಯ ಡಾಮರಿಗೂ ಹೋಗುತ್ತದೆ. ಸಾರು ಮೆತ್ತಿದ ಚೀಲಕ್ಕೆ ಈ ಸಾಲಿನಲ್ಲಿ ಬೆಲೆಯಿಲ್ಲ. ಅದನ್ನು ಕೈಯಲ್ಲಿ ಮುಟ್ಟಿ ವಿಂಗಡಿಸುವವಳೂ ಯಾರದೋ ಮನೆಯ ತಾಯಿ ಎಂಬುದನ್ನು ಮರೆಯಲಾಗದು. ತೊಳೆದು ಒಣಗಿಸಿ ಕೊಡುವುದು ನಿಯಮಪಾಲನೆಯೂ ಹೌದು, ಆಕೆಗೆ ನಾವು ತೋರುವ ಗೌರವವೂ ಹೌದು.

ಮನ್ನಣೆಗೆ ಅಪಾಯವೂ ಇದೆ. ಪರಿಶೀಲನೆಯ ದಿನ ಅಂಗಳ ಗುಡಿಸಿ, ಬಣ್ಣದ ಬುಟ್ಟಿಗಳನ್ನು ಸಾಲಾಗಿ ಇಟ್ಟು, ಮರುದಿನ ಕಟ್ಟಡದ ಹಿಂಬದಿಯಲ್ಲಿ ಪ್ಲಾಸ್ಟಿಕ್ ಸುಟ್ಟರೆ ಪ್ರಮಾಣಪತ್ರವು ಗೋಡೆಯ ಅಲಂಕಾರವಾಗಿ ಉಳಿಯುತ್ತದೆ. ಬುಟ್ಟಿಗಳನ್ನು ಎಣಿಸಿದರೆ ಸಾಲದು. ತಿಂಗಳಿಗೆ ಎಷ್ಟು ಕಸ ಹೊರಹೋಯಿತೆಂದು ತೂಗಿ ಬರೆದಿಡಬೇಕು. ಮುನ್ಸೂಚನೆಯಿಲ್ಲದೆ ಮರುಪರಿಶೀಲನೆ ನಡೆಯಬೇಕು. ಗುಣಮಟ್ಟ ಕುಸಿದಲ್ಲಿ ಶ್ರೇಣಿಯೂ ಇಳಿಯಬೇಕು. ಕಸವನ್ನು ಕಣ್ಣಿಗೆ ಕಾಣದಂತೆ ದೂರ ಸಾಗಿಸಿದ ಮಾತ್ರಕ್ಕೆ ಅದು ಇಲ್ಲವಾಗದು. 2019ರ ಆಗಸ್ಟಿನಲ್ಲಿ ಮಂಗಳೂರಿನ ಪಚ್ಚನಾಡಿಯ ಕಸದ ಗುಡ್ಡ ಮಳೆಗೆ ಜಾರಿ ಮಂದಾರದ ತೋಟಗಳನ್ನೂ ಮನೆಗಳನ್ನೂ ಆವರಿಸಿತು. 2023ರ ಮಾರ್ಚ್ 2ರಂದು ಕೊಚ್ಚಿಯ ಬ್ರಹ್ಮಪುರದಲ್ಲಿ ಹೊತ್ತಿಕೊಂಡ ಬೆಂಕಿ ಹತ್ತು ದಿನ ಕಳೆದರೂ ಪೂರ್ತಿ ಆರಲಿಲ್ಲ. ಎರಡೂ ಕಡೆ ರಾಶಿ ಬಿದ್ದದ್ದು ಮನೆ, ಅಂಗಡಿ, ಕಚೇರಿಗಳಿಂದ ಹೊರಟ ಕಸವೇ.

ಶಾಲೆಯೂ ಒಂದು ಕೆಲಸದ ಸ್ಥಳ. ಅಧ್ಯಾಪಕರು, ಅಡುಗೆಯವರು, ಕಚೇರಿ ಸಿಬ್ಬಂದಿ ಅಲ್ಲಿ ದುಡಿಯುತ್ತಾರೆ. ಮಕ್ಕಳು ಅವರನ್ನು ನೋಡಿ ಕಲಿಯುತ್ತಾರೆ. ನಮ್ಮ ಕನ್ನಡ ಶಾಲೆಗಳಿಗೆ ಇದರಲ್ಲಿ ಸಹಜವಾದ ಅನುಕೂಲವಿದೆ. ವಾರ್ಷಿಕೋತ್ಸವದ ಊಟಕ್ಕೆ ಬಾಳೆ ಎಲೆ, ಅಡಿಕೆ ಹಾಳೆಯ ತಟ್ಟೆ ಊರಲ್ಲೇ ದೊರೆಯುತ್ತವೆ. ಅಂಗಳದಲ್ಲಿ ಬಿದ್ದ ತೆಂಗಿನ ಗರಿಯನ್ನು ಸುಡುವ ಅಗತ್ಯವಿಲ್ಲ. ಕಾಸರಗೋಡಿನಲ್ಲೇ ಇರುವ ಕೇಂದ್ರೀಯ ತೋಟಗಾರಿಕಾ ಬೆಳೆಗಳ ಸಂಶೋಧನಾ ಸಂಸ್ಥೆ ಗರಿಗಳಿಂದ ಎರೆಗೊಬ್ಬರ ತಯಾರಿಸುವ ವಿಧಾನವನ್ನು ರೂಪಿಸಿದೆ. ಹುಟ್ಟುಹಬ್ಬಕ್ಕೆ ಮಿಠಾಯಿಯ ಬದಲು ಗ್ರಂಥಾಲಯಕ್ಕೆ ಒಂದು ಕನ್ನಡ ಪುಸ್ತಕ ನೀಡುವ ರೂಢಿ ಬೆಳೆದರೆ ಹೊದಿಕೆಯ ಕಸವೂ ತಪ್ಪುತ್ತದೆ, ಓದಿಗೂ ಒತ್ತಾಸೆ ದೊರೆಯುತ್ತದೆ.

ಇನ್ನು ಭಾಷೆಯ ವಿಚಾರ. ತ್ಯಾಜ್ಯ ವಿಂಗಡಣೆ ಓದಿ ತಿಳಿದು ಮಾಡಬೇಕಾದ ಕೆಲಸ. ಯಾವ ಬುಟ್ಟಿಗೆ ಏನು, ಯಾವ ತಿಂಗಳಲ್ಲಿ ಬಟ್ಟೆ, ಚಪ್ಪಲಿ, ಗಾಜು ಅಥವಾ ಇ-ತ್ಯಾಜ್ಯದ ಸಂಗ್ರಹ ಎಂಬ ಸೂಚನೆ ಮಲಯಾಳದಲ್ಲಿ ಮಾತ್ರ ಇದ್ದರೆ, ಕನ್ನಡ ಮಾತ್ರ ಓದಬಲ್ಲ ಅಜ್ಜಿ ಗಾಜಿನ ಚೂರನ್ನು ಪ್ಲಾಸ್ಟಿಕ್ಕಿನೊಡನೆ ಕಟ್ಟಿಕೊಟ್ಟರೆ ಅದು ಆಕೆಯ ತಪ್ಪಲ್ಲ. ಗಾಯವಾಗುವುದು ಮಾತ್ರ ವಿಂಗಡಿಸುವವಳ ಕೈಗೆ. ನಿಯಮ ಮುರಿದವರಿಗೆ ದಂಡವಿದೆ ಎನ್ನುವ ಆಡಳಿತವು ಆ ನಿಯಮವನ್ನು ಜನರಿಗೆ ತಿಳಿಯುವ ಭಾಷೆಯಲ್ಲಿ ಹೇಳುವ ಹೊಣೆಯನ್ನೂ ಹೊರಬೇಕು.

ಈ ಬೇಡಿಕೆಗೆ ಕಾನೂನಿನ ಬಲವಿದೆ. 1969ರ ಕೇರಳ ರಾಜಭಾಷಾ ಕಾಯ್ದೆಯು ಭಾಷಾ ಅಲ್ಪಸಂಖ್ಯಾತ ಪ್ರದೇಶಗಳಲ್ಲಿ ಕನ್ನಡಿಗರು ಸ್ಥಳೀಯ ಸರಕಾರಿ ಕಚೇರಿಗಳೊಡನೆ ಕನ್ನಡದಲ್ಲೇ ವ್ಯವಹರಿಸಿ, ಕನ್ನಡದಲ್ಲೇ ಉತ್ತರ ಪಡೆಯುವ ಅವಕಾಶ ನೀಡಿದೆ. ಸಂವಿಧಾನದ 350ನೆಯ ವಿಧಿಯು ಕುಂದುಕೊರತೆಯ ಮನವಿಯನ್ನು ಆಯಾ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಸಲ್ಲಿಸುವ ಹಕ್ಕನ್ನು ಪ್ರತಿಯೊಬ್ಬರಿಗೂ ಕೊಟ್ಟಿದೆ. ಗಡಿಯಾಚೆಯ ಎಲ್ಲ ಕನ್ನಡಿಗರೂ ನೆನಪಿಡಬೇಕಾದ ವಿಧಿಯಿದು.

ಆದುದರಿಂದ ಮುಂದಿನ ರಕ್ಷಕ ಶಿಕ್ಷಕ ಸಂಘದ ಸಭೆಯಲ್ಲಿ ಎರಡು ನಿರ್ಣಯಗಳನ್ನು ಕೈಗೊಳ್ಳಬಹುದು. ಮೊದಲನೆಯದು, ಶಾಲೆಯ ಒಂದು ತಿಂಗಳ ಕಸವನ್ನು ಮಕ್ಕಳಿಂದಲೇ ತೂಗಿಸಿ, ಬರೆಸಿ, ಮುಂದಿನ ತಿಂಗಳು ಕಡಿಮೆ ಮಾಡುವುದು. ಎರಡನೆಯದು, ಸಂಗ್ರಹದ ವೇಳಾಪಟ್ಟಿ, ಬುಟ್ಟಿಗಳ ಮೇಲಿನ ಬರಹ ಮತ್ತು ಪರಿಶೀಲನಾ ಪಟ್ಟಿಗಳನ್ನು ಕನ್ನಡದಲ್ಲಿಯೂ ಒದಗಿಸಬೇಕೆಂದು ಪಂಚಾಯತಿಗೆ ಕನ್ನಡದಲ್ಲೇ ಮನವಿ ಬರೆದು ಸ್ವೀಕೃತಿ ರಸೀದಿ ಪಡೆಯುವುದು. ಕನ್ನಡಿಗರು ಬಹುಸಂಖ್ಯೆಯಲ್ಲಿರುವ ಊರಿನ ಕಚೇರಿಗೆ ಶ್ರೇಣಿ ನೀಡುವಾಗ, ಅದು ತನ್ನ ಜನರಿಗೆ ಅರ್ಥವಾಗುವಂತೆ ಸೂಚನೆ ಕೊಟ್ಟಿದೆಯೇ ಎಂಬುದಕ್ಕೂ ಅಂಕವಿರಲಿ ಎಂದು ಆ ಮನವಿಯಲ್ಲೇ ಕೇಳೋಣ.