ಪಹಣಿ ಮೊಬೈಲಿಗೆ ಬಂತು, ತಿದ್ದುಪಡಿ ಬರಲಿಲ್ಲ

ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಲ್ಲಿ ಭತ್ತ ಬೆಳೆಯುವ ಸಿಂಧನೂರಿನ ಗದ್ದೆಗೂ, ಮಳೆ ನಂಬಿ ತೊಗರಿ, ಸಜ್ಜೆ ಬಿತ್ತುವ ಲಿಂಗಸುಗೂರು, ಮಸ್ಕಿ ಕಡೆಯ ಹೊಲಕ್ಕೂ ಹೋಲಿಕೆ ಕಡಿಮೆ. ಆದರೆ ಸಾಲ, ವಿಮೆ, ಬೆಂಬಲ ಬೆಲೆ, ಬರ ಪರಿಹಾರ ಎಂದ ಕೂಡಲೇ ಎರಡೂ ಕಡೆಯ ರೈತರು ಒಂದೇ ಕಡೆ ಹೋಗಿ ನಿಲ್ಲಬೇಕು. ಭೂಮಿ, ರೈತರ ನೋಂದಣಿಯ ಫ್ರೂಟ್ಸ್, ಬೆಳೆ ಸಮೀಕ್ಷೆ, ಪರಿಹಾರ ಎಂಬ ಸರ್ಕಾರಿ ಡೇಟಾಬೇಸುಗಳಲ್ಲಿ ಅವರ ಹೆಸರು, ಹೊಲ, ಬೆಳೆ ಮೂರೂ ಸರಿಯಾಗಿ ಕೂತಿದ್ದರೆ ಹಣ ಬರುತ್ತದೆ, ಇಲ್ಲದಿದ್ದರೆ ಇಲ್ಲ. ಈ ಮಾಹಿತಿಯಲ್ಲಿ ಬಹುಪಾಲು ಈಗ ಮೊಬೈಲಿನಲ್ಲಿ ತೆರೆಯುತ್ತದೆ. ಅದಕ್ಕೇ ‘ಎಲ್ಲಾ ಆನ್‌ಲೈನ್ ಆಗಿದೆಯಲ್ಲ’ ಎಂಬ ಮಾತು ಕಚೇರಿಗಳಲ್ಲಿ ಸುಲಭವಾಗಿ ಕೇಳಿಬರುತ್ತದೆ. ಆ ಮಾತು ಅರ್ಧ ಮಾತ್ರ ನಿಜ. ಡೇಟಾಬೇಸು ನೋಡಲು ಕೈಗೆ ಬಂದಿದೆ. ಅದರಲ್ಲಿ ತಪ್ಪಿದ್ದರೆ ತಿದ್ದಿಸುವ ದಾರಿ ಮಾತ್ರ ಬಹುಮಟ್ಟಿಗೆ ಇನ್ನೂ ತಾಲೂಕು ಕಚೇರಿಯ ಕೌಂಟರಿನಲ್ಲೇ ಇದೆ.

ಇದಕ್ಕೆ ಕಾರಣ ಹಳೆಯದು. 2000ದ ಆಸುಪಾಸಿನಲ್ಲಿ ಕಂದಾಯ ಇಲಾಖೆ ಕೇಂದ್ರ ಸರ್ಕಾರದ ತಂತ್ರಜ್ಞಾನ ಸಂಸ್ಥೆ ಎನ್‌ಐಸಿಯೊಂದಿಗೆ ‘ಭೂಮಿ’ ಯೋಜನೆ ಕೈಗೆತ್ತಿಕೊಂಡಾಗ ರಾಜ್ಯದ ಸುಮಾರು 2 ಕೋಟಿ ಪಹಣಿಗಳು, 67 ಲಕ್ಷ ಭೂಮಾಲೀಕರ ವಿವರಗಳು ಕಂಪ್ಯೂಟರಿಗೆ ಏರಿದವು. ತಲಾಟಿಯ ಕೈಬರಹದ ಪಹಣಿಗೆ ಬೆಲೆ ಇಲ್ಲದಂತಾಯಿತು, 15 ರೂಪಾಯಿಗೆ ಕಿಯಾಸ್ಕಿನಲ್ಲಿ ಅಚ್ಚಾದ ಪಹಣಿ ಸಿಗತೊಡಗಿತು. ಆ ಕಾಲಕ್ಕೆ ಅದು ದೊಡ್ಡ ಸುಧಾರಣೆಯೇ ಹೌದು, ಅದನ್ನು ಸಣ್ಣದು ಮಾಡಿ ನೋಡುವುದು ಅನ್ಯಾಯ. ಆದರೆ ಆ ವ್ಯವಸ್ಥೆಯನ್ನು ಕಟ್ಟಿದ್ದು ತಾಲೂಕು ಕಚೇರಿಯ ಮೇಜಿನ ಮೇಲಿನ ಕಂಪ್ಯೂಟರಿಗೆ, ಅದರ ಮುಂದೆ ಕೂತ ಸಿಬ್ಬಂದಿಗೆ. ಅಂದು ರೈತನ ಕೈಯಲ್ಲಿ ಮೊಬೈಲೇ ಇರಲಿಲ್ಲ. ಮುಂದೆ ಅದೇ ಕಚೇರಿಯ ಕಿಟಕಿಯನ್ನು ಜಾಲತಾಣವಾಗಿ ತೆರೆದಿಟ್ಟರು. ಒಳಗಿನ ಮೇಜು ಮಾತ್ರ ಬದಲಾಗಲಿಲ್ಲ.

ಒಂದು ಪಹಣಿಯನ್ನು ಮೊಬೈಲಿನಲ್ಲಿ ಹುಡುಕುವ ಕ್ರಮ ನೋಡಿ. ಜಿಲ್ಲೆ, ತಾಲೂಕು, ಹೋಬಳಿ, ಗ್ರಾಮ ಒಂದಾದ ಮೇಲೊಂದು ಆರಿಸಬೇಕು. ಮಸ್ಕಿ ತಾಲೂಕು ಆದದ್ದು ಇತ್ತೀಚೆಗೆ, ಲಿಂಗಸುಗೂರು, ಸಿಂಧನೂರು, ಮಾನ್ವಿಯ ಹಳ್ಳಿಗಳನ್ನು ಸೇರಿಸಿ. ಹಾಗಾಗಿ ಹಳೆ ಕಾಗದದಲ್ಲಿ ಲಿಂಗಸುಗೂರು ಎಂದಿರುವ ಊರಿನವರಿಗೆ ತಾಲೂಕು ಯಾವುದೆಂಬುದೇ ಮೊದಲ ಪ್ರಶ್ನೆ. ಆಮೇಲೆ ಸರ್ವೆ ನಂಬರ್ ಹಾಕಿ ಒತ್ತಿದರೆ ‘ಸರ್ನೋಕ್’ ಎಂಬ ಪಟ್ಟಿಯಲ್ಲಿ ಬರಿ ಒಂದು ನಕ್ಷತ್ರ ಚಿಹ್ನೆ ಕಾಣುತ್ತದೆ. ಅದನ್ನೇ ಆರಿಸಬೇಕೆಂದು ಯಾರೂ ಹೇಳುವುದಿಲ್ಲ. ನಂತರ ಹಿಸ್ಸಾ, ಅವಧಿ, ವರ್ಷ. ಪ್ರತಿ ಆಯ್ಕೆಯೂ ಬೆಂಗಳೂರಿನ ಸರ್ವರಿಗೆ ಹೋಗಿ ಉತ್ತರ ತರಬೇಕು. ನಡುವೆ ಸಿಗ್ನಲ್ ಹೋದರೆ ಮತ್ತೆ ಜಿಲ್ಲೆಯಿಂದ ಶುರು. ಕೊನೆಗೆ ಬರುವ ಪಹಣಿಯೋ, ಅಗಲ ಕಾಗದಕ್ಕೆಂದು ಹೆಣೆದ ಕೋಷ್ಟಕ. 9ನೇ ಕಾಲಂನ ಮಾಲೀಕನ ಹೆಸರು ಓದುವಾಗ 11ನೇ ಕಾಲಂನ ಬ್ಯಾಂಕಿನ ಬೋಜಾ ಪರದೆಯಿಂದ ಆಚೆ ಹೋಗಿರುತ್ತದೆ. ಟ್ಯಾಬ್ಲೆಟ್ ಇದ್ದರೆ ಅಕ್ಷರ ದೊಡ್ಡದಾಗುತ್ತದೆ, ಅಷ್ಟೇ.

ಮೊಬೈಲಿಗೆಂದೇ ಯೋಚಿಸಿ ಮಾಡಿದರೆ ಹೇಗಿರುತ್ತದೆ ಎಂಬುದಕ್ಕೆ ಉದಾಹರಣೆಯೂ ಸರ್ಕಾರದಲ್ಲೇ ಇದೆ. 2020ರ ಮುಂಗಾರಿನಲ್ಲಿ ರೈತರೇ ಬೆಳೆ ಸಮೀಕ್ಷೆ ಮಾಡಿಕೊಳ್ಳಲು ಕೊಟ್ಟ ಆ್ಯಪ್ ಅದು. ಗ್ರಾಮದ ವಿವರ ಮೊದಲೇ ಇಳಿಸಿಕೊಂಡು ಹೊಲಕ್ಕೆ ಹೋಗಬಹುದು. ಹೊಲದಲ್ಲಿ ನಿಂತಿದ್ದೀರಾ ಎಂದು ಜಿಪಿಎಸ್ ನೋಡುತ್ತದೆ, ಬೆಳೆ ಯಾವುದೆಂದು ಆರಿಸಿ ಫೋಟೊ ತೆಗೆದರೆ ಮುಗಿಯಿತು. ಸಿಗ್ನಲ್ ಇದ್ದ ಕಡೆ ಬಂದು ಅಪ್‌ಲೋಡ್ ಮಾಡಿದರಾಯಿತು. ಕ್ಯಾಮೆರಾ, ಜಿಪಿಎಸ್, ಫೋನಿನಲ್ಲೇ ಮಾಹಿತಿ ಉಳಿಸಿಕೊಳ್ಳುವ ಜಾಗ, ಇವು ಮೇಜಿನ ಕಂಪ್ಯೂಟರು ಹೊಲಕ್ಕೆ ತರಲಾರದ ಬಲ. ಆ ಬಲ ಬಳಸಿದ್ದಕ್ಕೇ ಈ ಆ್ಯಪ್ ಹೊಲದಲ್ಲಿ ಕೆಲಸಕ್ಕೆ ಬಂತು. ಸಮೀಕ್ಷೆಯಲ್ಲಿ ದಾಖಲಾದದ್ದನ್ನು ‘ಬೆಳೆ ದರ್ಶಕ’ ಆ್ಯಪಿನಲ್ಲಿ ನೋಡಿ, ತಪ್ಪಿದ್ದರೆ ಅಲ್ಲೇ ಆಕ್ಷೇಪಣೆ ಹಾಕಲು ಅವಕಾಶವಿದೆ. ನೋಡುವುದೂ ತಕರಾರು ಹಾಕುವುದೂ ಒಂದೇ ಜಾಗದಲ್ಲಿ. ನಾನು ಕೇಳುತ್ತಿರುವುದು ಇದನ್ನೇ, ಉಳಿದ ಕಡೆಗೂ.

ಈ ಸೌಲಭ್ಯ ಇಲ್ಲದಿದ್ದರೆ ಏನಾಗುತ್ತದೆಂದು 2023ರ ಬರ ತೋರಿಸಿತು. ರಾಜ್ಯದ 236 ತಾಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾದವು. ಮೊದಲ ಕಂತಾಗಿ 2,000 ರೂಪಾಯಿವರೆಗೆ ನೇರ ಖಾತೆಗೆ ಹಾಕಲು ಸರ್ಕಾರ ಫ್ರೂಟ್ಸ್ ಮಾಹಿತಿಯನ್ನು ಬಳಸಿತು. ಫ್ರೂಟ್ಸ್‌ನ ಗುರುತಿನ ಸಂಖ್ಯೆಯಾದ ಎಫ್‌ಐಡಿ ಇಲ್ಲದವರು, ಅದಕ್ಕೆ ಎಲ್ಲ ಸರ್ವೆ ನಂಬರು ಜೋಡಿಸದವರು, ಪಹಣಿಯಲ್ಲೊಂದು ಆಧಾರಿನಲ್ಲೊಂದು ಹೆಸರಿದ್ದವರು ತೊಡಕಿಗೆ ಸಿಕ್ಕಿದರು. ಪಹಣಿಯಲ್ಲಿ ‘ಬಸಪ್ಪ ತಂದೆ ಹನುಮಂತಪ್ಪ’, ಆಧಾರಿನಲ್ಲಿ ‘ಬಸವರಾಜ’ ಎಂದಿದ್ದರೆ ಊರಿಗೆಲ್ಲ ಅವನೊಬ್ಬನೇ, ಕಂಪ್ಯೂಟರಿಗೆ ಇಬ್ಬರು. ದೇವಾನಾಂಪ್ರಿಯನೂ ಅಶೋಕನೂ ಒಬ್ಬನೇ ಎಂದು ಖಚಿತಪಡಿಸಿದ್ದು 1915ರಲ್ಲಿ ಸಿಕ್ಕ ಮಸ್ಕಿಯ ಶಾಸನ. ಅದೇ ಮಸ್ಕಿಯ ರೈತ ಇಂದು ಎರಡು ಹೆಸರು ತನ್ನವೇ ಎಂದು ಸಾಬೀತು ಮಾಡಲು ಕಚೇರಿಗೆ ಅಲೆಯಬೇಕು.

ಜಮೀನಿನ ದಾಖಲೆಯನ್ನು ಮೊಬೈಲಿನಲ್ಲಿ ತಿದ್ದಲು ಬಿಟ್ಟರೆ ಮೋಸಗಾರರಿಗೆ ಹಬ್ಬವಲ್ಲವೇ ಎಂಬ ಆಕ್ಷೇಪ ಗಟ್ಟಿಯಾದದ್ದೇ. ಭೂಮಿ ತಂತ್ರಾಂಶದಲ್ಲಿ ಅಧಿಕಾರಿ ಬೆರಳಚ್ಚು ಕೊಟ್ಟೇ ಒಳಗೆ ಹೋಗಬೇಕೆಂದು ಮೊದಲಿನಿಂದ ಇಟ್ಟದ್ದು ಈ ಭಯಕ್ಕೇ, ಅದು ಹಾಗೇ ಇರಲಿ. ಆದರೆ ತಿದ್ದುವುದು ಬೇರೆ, ತಿದ್ದಬೇಕೆಂದು ಅರ್ಜಿ ಹಾಕುವುದು ಬೇರೆ. ಹೆಸರಿನ ಅಕ್ಷರ ತಪ್ಪು, ತೀರಿಸಿದ ಸಾಲದ ಬೋಜಾ ಉಳಿದಿರುವುದು, ಬಿಟ್ಟುಹೋದ ಸರ್ವೆ ನಂಬರು ಇಂಥವನ್ನು ಪಹಣಿಯ ಆ ಸಾಲಿನ ಮೇಲೇ ಬೆರಳಿಟ್ಟು, ದಾಖಲೆಯ ಫೋಟೊ ಲಗತ್ತಿಸಿ ಕಳಿಸುವಂತಾದರೆ ತೀರ್ಮಾನದ ಅಧಿಕಾರ ತಹಶೀಲ್ದಾರರ ಬಳಿಯೇ ಉಳಿಯುತ್ತದೆ. ಅರ್ಜಿ ಯಾರ ಮೇಜಿನಲ್ಲಿ ಎಷ್ಟು ದಿನ ಕೂತಿದೆ ಎಂಬುದು ರೈತನಿಗೆ ಕಾಣುತ್ತದೆ. ಬಹುಶಃ ಹಿಂಜರಿಕೆ ಇರುವುದು ಅಲ್ಲೇ.

ಇನ್ನು ಕೆಲವರು, ಗ್ರಾಮ ಒನ್ ಇದೆ, ಬಸ್ ಸ್ಟ್ಯಾಂಡ್ ಹತ್ತಿರ ಆನ್‌ಲೈನ್ ಸೆಂಟರ್ ಇದೆ, ರೈತನಿಗೇಕೆ ಈ ತಾಪತ್ರಯ ಎನ್ನುತ್ತಾರೆ. ಓದಲು ಬಾರದವರಿಗೆ ಆ ಕೇಂದ್ರಗಳು ಬೇಕೇ ಬೇಕು. ಆದರೆ ಅಲ್ಲಿ ಅರ್ಜಿಗೆ ಕೊಟ್ಟ ಮೊಬೈಲ್ ನಂಬರ್ ಯಾರದು, ಒಟಿಪಿ ಯಾರಿಗೆ ಹೋಗುತ್ತದೆ ಎಂದು ಕೇಳಬೇಕು. ನೌಕರರ ಕಡೆಯಿಂದ ಬರುವ ದೂರೂ ಇದೆ. 2024ರ ಸೆಪ್ಟೆಂಬರಿನಲ್ಲಿ ಗ್ರಾಮ ಆಡಳಿತ ಅಧಿಕಾರಿಗಳು ಮುಷ್ಕರಕ್ಕೆ ಇಳಿದಾಗ, ಹತ್ತಾರು ಆ್ಯಪ್ ಹೊರಿಸಿ ಕೆಲಸಕ್ಕೆ ಬೇಕಾದ ಸಲಕರಣೆ ಕೊಟ್ಟಿಲ್ಲ ಎಂಬುದು ಅವರ ಮುಖ್ಯ ತಕರಾರಾಗಿತ್ತು. ಅವರ ಸಿಟ್ಟು ನ್ಯಾಯವಾದದ್ದು. ಯೋಜನೆಗೊಂದು ಆ್ಯಪ್, ಆ್ಯಪಿಗೊಂದು ಪಾಸ್‌ವರ್ಡ್ ಮಾಡಿದರೆ ಮೇಜಿನ ಮೇಲಿನ ಕಡತದ ರಾಶಿ ಫೋನಿಗೆ ಬಂದಂತಾಯಿತೇ ಹೊರತು ಕೆಲಸ ಹಗುರವಾಗಲಿಲ್ಲ. ಆ್ಯಪ್ ಎಷ್ಟೇ ಚೆನ್ನಾಗಿದ್ದರೂ ಪರಿಹಾರವಾಗದ ವಿಷಯ ಒಂದಿದೆ. ಗುತ್ತಿಗೆಗೆ ಭತ್ತ ಬೆಳೆಯುವವನ ಹೆಸರು ಮಾಲೀಕನ ಎಫ್‌ಐಡಿಯಲ್ಲಿ ಇರುವುದಿಲ್ಲ. ಅದು ಕಾನೂನಿನ ಪ್ರಶ್ನೆ, ತಂತ್ರಾಂಶದವರನ್ನು ಬೈದು ಉಪಯೋಗವಿಲ್ಲ.

ಸದ್ಯಕ್ಕೆ ಓದುಗರಾದ ನೀವು ಮಾಡಬಹುದಾದದ್ದು ಇಷ್ಟು. ಈ ಹಂಗಾಮಿನ ಸಮೀಕ್ಷೆಯ ಅವಧಿ ಮುಗಿಯುವ ಮೊದಲು ನಿಮ್ಮ ಹೊಲಕ್ಕೆ ಯಾವ ಬೆಳೆ ದಾಖಲಾಗಿದೆ ಎಂದು ಬೆಳೆ ದರ್ಶಕದಲ್ಲಿ ನೋಡಿ. ಎಫ್‌ಐಡಿಗೆ ಎಲ್ಲ ಸರ್ವೆ ನಂಬರು ಸೇರಿವೆಯೇ ಎಂದು ರೈತ ಸಂಪರ್ಕ ಕೇಂದ್ರದಲ್ಲಿ ಖಚಿತ ಮಾಡಿಕೊಳ್ಳಿ. ತಪ್ಪು ಕಂಡರೆ ಆಕ್ಷೇಪಣೆಯನ್ನು ಇಂದೇ ಹಾಕಿ, ನಿಮ್ಮದೇ ಮೊಬೈಲ್ ನಂಬರಿನಲ್ಲಿ.